ಅರವತ್ತೊಂದು ಕವಲು

ಕವಲುಮಾಪಕ ಬಂದ ಮೇಲೆ ಊರಿನಲ್ಲಿ ಹೆಪ್ಪು ಕೇಳುವುದು ನಿಂತುಹೋಯಿತು. ಮೊಸರಿನ ಹೆಪ್ಪು, ದೋಸೆ ಹಿಟ್ಟಿಗೆ ನಿನ್ನೆಯ ಹುಳಿ, ಮಲ್ಲಿಗೆಯ ಕಡ್ಡಿ, ಬಸಳೆಯ ಬಳ್ಳಿ, ಯಾವುದನ್ನೂ ಗೋಡೆಯಾಚೆಯಿಂದ ಚಾಚಿದ ಕೈಗೆ ಹಾಗೆಯೇ ಇಟ್ಟುಬಿಡುವ ಕಾಲ ಕಳೆಯಿತು. ಯಾರೂ ಅದನ್ನು ನಿಷೇಧಿಸಿರಲಿಲ್ಲ. ಜನ ತಾವೇ ಹಿಂಜರಿಯತೊಡಗಿದ್ದರು.

ಯಂತ್ರ ನೋಡಲು ದೊಡ್ಡದೇನಲ್ಲ, ಒಂದು ಹೊಲಿಗೆ ಯಂತ್ರದಷ್ಟು. ಜೀವಕಣ ಒಡೆದು ಎರಡಾಗುವಾಗಲೆಲ್ಲ ತನ್ನ ಒಳಬರಹವನ್ನು ನಕಲು ಮಾಡಿಕೊಳ್ಳುತ್ತದೆ. ನಕಲು ಮಾಡುವಾಗ ಅಲ್ಲೊಂದು ಇಲ್ಲೊಂದು ತಪ್ಪಾಗುತ್ತದೆ. ಒಂದು ಮನೆಯ ಹೆಪ್ಪಿನಲ್ಲಿ ಆದ ತಪ್ಪು ಇನ್ನೊಂದು ಮನೆಯದರಲ್ಲಿ ಇರುವುದಿಲ್ಲ. ಎರಡೂ ಮನೆಯದನ್ನು ಒಂದೊಂದು ಚಮಚ ತಂದು ತಪ್ಪುಗಳನ್ನು ಎಣಿಸಿದರೆ, ಇವು ಒಂದೇ ಪಾತ್ರೆಯಿಂದ ಯಾವಾಗ ಬೇರೆಯಾದವು ಎಂಬುದು ನಾಲ್ಕೈದು ದಿನ ಹೆಚ್ಚುಕಡಿಮೆ ತಿಳಿದುಬಿಡುತ್ತದೆ. ಹಾಗೆ ಬೇರೆಯಾದದ್ದಕ್ಕೆ ಕವಲು ಎಂದು ಹೆಸರಾಯಿತು. ಯಂತ್ರ ಸುಳ್ಳು ಹೇಳುವುದಿಲ್ಲವೆಂದು ಖಾತ್ರಿಯಾದ ಮೇಲೆ ಕಾನೂನೂ ಅದರ ಹಿಂದೆ ನಡೆಯಿತು. ಯಾರ ಪಾತ್ರೆ ಬುಡವೋ ಅವರಿಗೆ ಮಾತ್ರ ಅದನ್ನು ಮಾಡಿ ಮಾರುವ ಹಕ್ಕು. ಒಂದೇ ಷರತ್ತು: ಅರ್ಜಿ ಹಾಕುವ ಮುನ್ನ ಅದು ಕಾಗದವಿಲ್ಲದೆ ಅವರ ಕೈ ದಾಟಿ ಹೋಗಿರಬಾರದು.

ದಾವಣಗೆರೆಯ ವಕೀಲೆ ಸರ್ವಮಂಗಳಾ ಹನ್ನೆರಡು ವರ್ಷಗಳಿಂದ ಜೀವನ ನಡೆಸುತ್ತಿದ್ದುದು ಈ ಷರತ್ತಿನ ಮೇಲೆ. ಉಪ್ಪಿನಕಾಯಿ ಮಾಡುವವರು, ಗೊಬ್ಬರ ಮಾಡುವವರು, ಅಣಬೆ ಬೆಳೆಯುವವರು ಬಂದು ಕೂತರೆ ಅವರು ಮೊದಲು ನೀರು ಕೊಡುತ್ತಿದ್ದರು, ಆಮೇಲೆ ತಾವೇ ಬರೆದ ಒಂದು ಪುಟದ ಹಸ್ತಾಂತರ ಪತ್ರ ಕೊಡುತ್ತಿದ್ದರು. ಕೊಟ್ಟವರ ಹೆಸರು, ಪಡೆದವರ ಹೆಸರು, ಬೇರೆಯವರಿಗೆ ಕೊಡುವುದಿಲ್ಲವೆಂಬ ಮಾತು, ಕೆಳಗೆ ಸಹಿ. ಆ ಪುಟ ಜಿಲ್ಲೆಯ ಮನೆಮನೆಗಳಲ್ಲಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿರುತ್ತಿತ್ತು. ಸರ್ವಮಂಗಳಾರ ಸ್ವಂತ ಅಡುಗೆಮನೆಯಲ್ಲಿ ಮೊಸರು ಕೆಟ್ಟರೆ ಅಂಗಡಿಯಿಂದ ಪೊಟ್ಟಣ ತರುತ್ತಿದ್ದರು. ಪಕ್ಕದ ಮನೆಯ ಬಾಗಿಲು ಎಂಟು ಹೆಜ್ಜೆ ದೂರವಿತ್ತು.

ಹಲೀಮಾಬಿ ಅವರ ಹತ್ತಿರ ಬಂದು ಎರಡು ವರ್ಷವಾಗಿತ್ತು. ಊರಿನ ಮಂಡಕ್ಕಿ ಭಟ್ಟಿಗಳ ಓಣಿಯವರು. ಭಟ್ಟಿಗಳು ಕರೆಂಟಿಗೆ ಬದಲಾಗಿ ಹೊಗೆ ಹೋಗಿತ್ತು, ಆದರೆ ಮರಳಿನ ಕಾವು ಮೊದಲಿನಷ್ಟೇ ಇತ್ತು. ಅಕ್ಕಿ ಅರಳಬೇಕಾದರೆ ಮರಳು ಕಾಯಲೇಬೇಕು, ಮರಳು ಕಾದಲ್ಲಿ ಕೈ ಸುಡುವುದು ತಪ್ಪುವುದಿಲ್ಲ. ಭತ್ತ ನೆನೆಸುವ ತೊಟ್ಟಿಯ ನೀರಿನ ಮೇಲೆ ನಾಲ್ಕನೆಯ ದಿನ ಹಾಲಿನ ಕೆನೆಯಂಥ ಪೊರೆ ಕಟ್ಟುತ್ತದೆ. ಅದು ಒಮ್ಮೆ ಸುಟ್ಟ ಮುಂಗೈಗೆ ಅಂಟಿಕೊಂಡಾಗ ಉರಿ ನಿಂತದ್ದನ್ನು ಹಲೀಮಾಬಿ ಗಮನಿಸಿದ್ದರು. ಆ ಪೊರೆ ನಾರುತ್ತಿತ್ತು, ಹರಿಯುತ್ತಿತ್ತು. ಹಲೀಮಾಬಿ ಕಾಲೇಜೊಂದರ ಪ್ರಯೋಗಶಾಲೆಯಲ್ಲಿ ಹನ್ನೊಂದು ವರ್ಷ ಗಾಜಿನ ಸಾಮಾನು ತೊಳೆದಿದ್ದರು. ಬಾಟ್ಲಿ ಕುದಿಸುವುದು, ಮುಚ್ಚಳ ಮುಟ್ಟದೆ ತೆಗೆಯುವುದು ಕೈಗೆ ಬಂದಿತ್ತು. ಪ್ರತಿ ಸಲವೂ ಎಲ್ಲಕ್ಕಿಂತ ಗಟ್ಟಿಯಾದ ಪೊರೆಯನ್ನು ಆರಿಸಿ ಅದರಿಂದಲೇ ಮುಂದಿನದಕ್ಕೆ ಹೆಪ್ಪು ಹಾಕುತ್ತ ಏಳು ವರ್ಷ ಕಳೆದರು. ಕೊನೆಗೆ ವೀಳ್ಯದೆಲೆಯಷ್ಟು ದಪ್ಪದ, ವಾಸನೆಯಿಲ್ಲದ, ಗಾಯ ಕೀವಾಗತೊಡಗಿದರೆ ತಾನೇ ನೀಲಿಗೆ ತಿರುಗುವ ಪೊರೆ ಬಂತು. ಆರು ಜನ ಹೆಂಗಸರನ್ನು ಕಟ್ಟಿಕೊಂಡು ಎರಡು ಕೋಣೆಯಲ್ಲಿ ಅದನ್ನು ತಯಾರಿಸುತ್ತಿದ್ದರು. ದೊಡ್ಡ ಆಸ್ಪತ್ರೆಗಳು ಕೊಳ್ಳಲು ಸಿದ್ಧವಿದ್ದವು, ಹಕ್ಕುಪತ್ರ ಕೈಗೆ ಬಂದ ಮೇಲೆ ಎಂದಿದ್ದವು.

ಅಷ್ಟರಲ್ಲಿ ಚರ್ಮಿಕಾ ಎಂಬ ಕಂಪನಿಯೂ ಅದೇ ಪೊರೆಗೆ ಅರ್ಜಿ ಹಾಕಿತು. ಹುಬ್ಬಳ್ಳಿಯ ವಲಯ ಕಚೇರಿಯಿಂದ ಇಬ್ಬರಿಗೂ ಪರೀಕ್ಷೆಯ ನೋಟಿಸು ಬಂತು. ಸರ್ವಮಂಗಳಾ ಹೆದರಲಿಲ್ಲ. ಹಲೀಮಾಬಿಯ ಅರ್ಜಿ ಎಂಟು ತಿಂಗಳು ಮುಂಚಿನದು. ಹೆಪ್ಪು ಪಡೆದ ಇಪ್ಪತ್ತಮೂರು ಜನರ ಸಹಿ ಫೈಲಿನಲ್ಲಿತ್ತು.

"ಇವರನ್ನ ಬಿಟ್ಟು ಬೇರೆ ಯಾರಿಗೂ ಹೋಗಿಲ್ಲ ತಾನೆ ಹಲೀಮಕ್ಕ?" ಎಂದು ಕೇಳಿದರು.

"ಇಲ್ರೀ ವಕೀಲಮ್ಮ. ನೀವು ಹೇಳಿದ ಮ್ಯಾಲೆ ಕಾಗದ ಇಲ್ದೆ ಯಾರ ಜೊತಿಗೂ ವ್ಯವಹಾರ ಮಾಡಿಲ್ಲ."

ಉತ್ತರ ಪ್ರಾಮಾಣಿಕವಾಗಿತ್ತು. ಸರ್ವಮಂಗಳಾ ಗುರುತು ಹಾಕಿಕೊಂಡರು.

ಪರೀಕ್ಷೆಯ ಕೋಣೆಯಲ್ಲಿ ಶ್ರೀಪಾದ ಗಾಂವ್ಕರ್ ಎಂಬ ಅಧಿಕಾರಿ ಇದ್ದ. ಅಂಕೋಲೆಯ ಕಡೆಯವನು, ಮೆಲುಮಾತಿನವನು. ಹಲೀಮಾಬಿ ಗೋಡೆಗೆ ಒರಗಿ ನಿಂತದ್ದನ್ನು ನೋಡಿ ತಾನು ಕೂತಿದ್ದ ಕುರ್ಚಿಯನ್ನೇ ಅವರ ಕಡೆ ಸರಿಸಿದ. "ನೀವು ಕೂತ್ಕಳಿ ಅಮ್ಮಾ, ತೋರ್ಸೂಕೆ ಸ್ವಲ್ಪ ಹೊತ್ತು ಹಿಡಿತದೆ" ಎಂದ.

ಪರದೆಯ ಮೇಲೆ ಒಂದು ಮರ ಅಡ್ಡಡ್ಡ ಮಲಗಿತ್ತು. ಬುಡ ಹಲೀಮಾಬಿಯದು, ಅದರಲ್ಲಿ ಸಂಶಯವಿರಲಿಲ್ಲ. ಅದರಿಂದ ಹೊರಟ ಇಪ್ಪತ್ತಮೂರು ಹಸಿರು ಗೆರೆಗಳು ಸಹಿಯಿದ್ದವರವು. ಸರ್ವಮಂಗಳಾ ಕನ್ನಡಕ ಏರಿಸಿಕೊಂಡರು. ಹಸಿರು ಗೆರೆಗಳ ನಡುವೆ, ಕೆಳಗೆ, ಮೇಲೆ, ಕೆಂಪು ಗೆರೆಗಳು ತುಂಬಿಕೊಂಡಿದ್ದವು.

"ಇವು ಏನು?"

"ಬೀದಿ ಮಾದರಿ, ಮೇಡಂ. ನಿಯಮ ಉಂಟಲ್ಲ, ನಾವು ಅರ್ಜಿದಾರರ ಸುತ್ತಮುತ್ತ ಮನೆಮನೆಗೆ ಹೋಗಿ ಒಂದು ಚಮಚ ತಗಂಡು ಬರೂದು. ಯಾರೂ ಇಲ್ಲ ಅನ್ಲಿಲ್ಲ. ಚಾ ಬೇರೆ ಕೊಟ್ರು." ಗಾಂವ್ಕರ್ ಬೆರಳಿನಿಂದ ಎಣಿಸುವ ಅಗತ್ಯವಿರಲಿಲ್ಲ, ಆದರೂ ಒಮ್ಮೆ ಎಣಿಸಿದ. "ಅರವತ್ತೊಂದು. ಎಲ್ಲ ನಿಮ್ಮ ಅರ್ಜಿಗಿಂತ ಮುಂಚಿನವು. ಚರ್ಮಿಕಾದವರದ್ದು ಸಹ ಇದರಲ್ಲೇ ಒಂದು. ನೋಡಿ, ಇದು. ಒಂದೂವರೆ ವರ್ಷದ ಹಿಂದೆ, ಮಾರ್ಚ್ ಎರಡನೇ ವಾರ ನಿಮ್ಮ ಪಾತ್ರೆಯಿಂದ ಹೋದದ್ದು."

ಹಲೀಮಾಬಿ ಆ ಗೆರೆಯನ್ನು ಪರಿಚಯದವರನ್ನು ನೋಡುವ ಹಾಗೆ ನೋಡಿದರು.

"ಮಾರ್ಚ್ ಅಂದ್ರೆ ಅವನೇ ಇರ್ಬೇಕು. ಮಂಡಕ್ಕಿ ಮಿರ್ಚಿ ತಿನ್ನಾಕೆ ಓಣಿಗೆ ಬಂದಿದ್ದ. ಬಾಣಲೆ ತಾಗಿ ಎಣ್ಣೆ ಬಿತ್ತು ಕೈ ಮ್ಯಾಲೆ. ಯಾವುದೋ ದೂರದೂರಿನೋನು, ಪಾಪ, ರೈಲಿಗೆ ಹೋಗೋ ಅವಸರ. ಪೊರೆ ಹಚ್ಚಿ, ಮನೇಲಿ ಹೊಸದು ಮಾಡ್ಕಳ್ಲಿ ಅಂತ ಒಂದು ಬಾಟ್ಲಿ ಹೆಪ್ಪು ಕೊಟ್ಟೆ."

"ಕಾಗದ?" ಎಂದರು ಸರ್ವಮಂಗಳಾ.

"ಬಲಗೈ ಸುಟ್ಟಿತ್ತು ವಕೀಲಮ್ಮ. ಸುಟ್ಟ ಕೈಲಿ ಸಹಿ ಹೆಂಗ್ ಹಾಕಿಸ್ಲಿ?"

ಗಾಂವ್ಕರ್ ಕಿಟಕಿಯ ಕಡೆ ತಿರುಗಿದ. ಉಳಿದ ಅರವತ್ತರ ಕತೆಯೂ ಒಂದೇ ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಯಿತು. ಓಣಿಯ ಪದ್ಧತಿ ಹಾಗೆ. ಯಾರ ಮನೆಯಲ್ಲಿ ಸುಟ್ಟ ಗಾಯವಾಗುತ್ತದೋ ಆ ಮನೆಗೆ ಪೊರೆಯ ಜೊತೆಗೆ ಹೆಪ್ಪಿನ ಬಾಟ್ಲಿಯೂ ಹೋಗುತ್ತದೆ. ಗಾಯ ಆರಿದ ಮೇಲೂ ಆ ಮನೆಯವರು ಅದನ್ನು ಸಾಯಲು ಬಿಡದೆ ಅಕ್ಕಿ ತೊಳೆದ ನೀರು ಹಾಕಿ ಉಳಿಸಿಕೊಳ್ಳುತ್ತಾರೆ. ಮುಂದೆ ಪಕ್ಕದಲ್ಲಿ ಯಾರಿಗಾದರೂ ಸುಟ್ಟರೆ ಓಡಿಬರುವ ದೂರ ಕಡಿಮೆಯಾಗಲಿ ಎಂದು. ಹಲೀಮಾಬಿಗೆ ಅದು ಕೊಡುವುದು ಅನ್ನಿಸಿರಲೇ ಇಲ್ಲ. ಸಹಿಯ ಕಾಗದ ವ್ಯಾಪಾರಕ್ಕೆ ಬಂದವರಿಗೆ. ನರಳುತ್ತ ಬಂದವರು ವ್ಯಾಪಾರಕ್ಕೆ ಬಂದವರಲ್ಲ.

ಸುಟ್ಟುಕೊಂಡು ಬಂದವರಿಗೆ ಏನು ಕೊಡುತ್ತೀರಿ ಎಂಬ, ತಾವು ಕೇಳಬೇಕಾಗಿದ್ದ ಪ್ರಶ್ನೆಯನ್ನು ಎರಡು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ ಎಂಬುದು ಸರ್ವಮಂಗಳಾಗೆ ಅಲ್ಲಿಯೇ ಅರ್ಥವಾಯಿತು.

ಕೋಣೆಯ ಹೊರಗಿನ ಪಡಸಾಲೆಯಲ್ಲಿ ಚರ್ಮಿಕಾದ ವಕೀಲೆ ಅರುಂಧತಿ ಕಿಣಿ ಕಾಯುತ್ತಿದ್ದಳು. ವಯಸ್ಸಿನಲ್ಲಿ ಚಿಕ್ಕವಳು, ನಯವಾದವಳು. ಮೂರು ಲೋಟ ಚಹಾ ತರಿಸಿದಳು, ಹಲೀಮಾಬಿಯದಕ್ಕೆ ಸಕ್ಕರೆ ಎಷ್ಟೆಂದು ಕೇಳಿದಳು. ಆಮೇಲೆ ವಿಷಯಕ್ಕೆ ಬಂದಳು.

"ಹೀಗೇ ಹೋದರೆ ಇಬ್ಬರ ಅರ್ಜಿಯೂ ಬಿದ್ದುಹೋಗುತ್ತದೆ, ಮೇಡಂ. ನಿಮಗೂ ಗೊತ್ತು. ಆದರೆ ತಡವಾದ ಒಪ್ಪಿಗೆಗೆ ಕಾನೂನಿನಲ್ಲಿ ಅವಕಾಶ ಇದೆ. ನಾವು ನಂಬಿಕೆಯ ಮೇಲೆ ಪಡೆದಿದ್ದೆವು, ಇನ್ನು ಮುಂದೆ ಮಾಡುವುದಿಲ್ಲ, ಯಾರಿಗೂ ಕೊಡುವುದಿಲ್ಲ ಅಂತ ಆ ಅರವತ್ತು ಮನೆಯವರೂ ಸಹಿ ಹಾಕಲಿ. ಅರವತ್ತೊಂದನೆಯ ಸಹಿ ನಮ್ಮ ಕಂಪನಿ ಹಾಕುತ್ತದೆ. ಹಕ್ಕಿನಲ್ಲಿ ಅರ್ಧ ನಮಗೆ, ಅರ್ಧ ಇವರಿಗೆ. ಇವರಿಗೆ ಒಳ್ಳೆಯ ಕಟ್ಟಡ, ಯಂತ್ರಗಳು, ಎಲ್ಲ ಆಸ್ಪತ್ರೆಗಳಿಗೂ ನಾವೇ ತಲುಪಿಸುತ್ತೇವೆ."

ಅದರಲ್ಲಿ ಮೋಸವೇನೂ ಇರಲಿಲ್ಲ. ಸರ್ವಮಂಗಳಾ ರೈಲಿನಲ್ಲಿ ಅದನ್ನು ಮೂರು ಸಲ ಓದಿದರು. ಹರಿಹರ ದಾಟಿದ ಮೇಲೆ ಎದುರಿನ ಸೀಟಿನಿಂದ ಹಲೀಮಾಬಿ ಮುಂದಕ್ಕೆ ಬಾಗಿದರು.

"ಬಿಳೀ ಟೈಲ್ಸ್ ಹಾಕಿದ ಗೋಡೆ ವಕೀಲಮ್ಮ," ಎಂದರು. "ಆ ಕಾಲೇಜಿನಾಗೆ ಇತ್ತು. ಒರೆಸಿದ್ರೆ ಕನ್ನಡಿ. ಅಂಥದ್ದೊಂದು ಕ್ವಾಣೆ ನಂದೂ ಇರ್ಬೇಕು ಅಂತ ಒಂಬತ್ತು ವರ್ಷದಿಂದ ಆಸೆ. ಸಹಿ ತಾನೇ? ನಾನು ಕೇಳಿದ್ರೆ ಯಾರು ಇಲ್ಲ ಅಂತಾರೆ. ಹಾಕಿಸ್ಕಂಡು ಬರಾಣ ನಡೀರಿ."

ಭಾನುವಾರ ಬೆಳಿಗ್ಗೆ ಇಬ್ಬರೂ ಓಣಿಗೆ ಹೋದರು. ಸರ್ವಮಂಗಳಾ ಸಾಕ್ಷಿಯಾಗಿ ಜೊತೆಗಿದ್ದರು. ಹಲೀಮಾಬಿ ಹೇಳಿದ್ದೇ ನಿಜವಾಯಿತು. ಪಾತ್ರೆಯ ಮುಚ್ಚಳದ ಮೇಲೆ, ಮಂಡಕ್ಕಿ ಚೀಲದ ಮೇಲೆ, ಬಾಗಿಲ ಮೇಲೆ ಕಾಗದ ಇಟ್ಟುಕೊಂಡು ಜನ ಸಹಿ ಹಾಕಿದರು. ಯಾರೂ ಓದಲಿಲ್ಲ. ಓದಿ ಎಂದು ಸರ್ವಮಂಗಳಾ ಪ್ರತಿ ಮನೆಯಲ್ಲೂ ಹೇಳಿದರು.

"ಹಲೀಮಾ ಆಪಾ ಬರೆಸ್ಯಾರೆ ಅಂದ ಮ್ಯಾಲೆ ಓದೋದೇನು," ಎಂದಳು ಒಬ್ಬಳು, ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಳ್ಳುತ್ತ. "ಆಪಾ, ಮನೆ ಬರಕಂಡ್ರೂ ನಂದೇನಿಲ್ಲ. ಸೋರೋ ಮೂಲೆನೂ ಸೇರಿಸೇ ಬರಕ, ಬಿಟ್ಟೋಗಬ್ಯಾಡ."

"ನಿನ್ ಗಂಡನ್ನೂ ಬರಕತಾಳೆ ನೋಡು," ಎಂದಳು ಪಕ್ಕದವಳು.

"ಅವನ್ನ ಮೊದಲು ಬರಕಳ್ಲಿ."

ಹನ್ನೊಂದು ಗಂಟೆಯ ಹೊತ್ತಿಗೆ ಮೂವತ್ತೆಂಟು ಸಹಿಯಾಗಿತ್ತು. ಮೂವತ್ತೊಂಬತ್ತನೆಯ ಮನೆ ದಾದಾಪೀರನದು. ಐವತ್ತು ವರ್ಷ ಭಟ್ಟಿಯಲ್ಲಿ ಮರಳು ಕೆದಕಿದ ಮುದುಕ. ಮೊಳಕೈವರೆಗೆ ಹಳೆಯ ಗಾಯಗಳ ಹೊಳಪು. ಅವನು ಕಾಗದ ಕೈಗೆ ತೆಗೆದುಕೊಳ್ಳಲಿಲ್ಲ.

"ನಂಗೆ ಓದಾಕೆ ಬರಲ್ಲ ತಾಯಿ, ಓದಿ ಹೇಳ್ರಿ" ಎಂದ ಸರ್ವಮಂಗಳಾಗೆ.

ಅವರು ಓದಿದರು. ಅವನಿಗೆ ಅರ್ಥವಾದ ಹಾಗೆ ಕಾಣಲಿಲ್ಲ. ಕಾಗದ ಮಡಿಚಿ ಬಾಯಿಮಾತಿನಲ್ಲಿ ಹೇಳಿದರು.

"ಅಂದ್ರೆ, ನಾಳೆ ಪಕ್ಕದ ಭಟ್ಟಿಯೋನು ಕೈ ಸುಟ್ಕಂಡು ಬಂದ್ರೆ ನಾನು ಕೊಡಂಗಿಲ್ಲ."

"ಹಲೀಮಕ್ಕನ ಹತ್ರ ಕಳಿಸಬೇಕು."

"ಆಕಿ ಊರಾಗಿಲ್ದಿದ್ರೆ?"

"ಕಂಪನಿಯ ಅಂಗಡಿ ಇರ್ತದೆ."

"ಅಂಗಡಿ ಬಾಗಿಲು ಹಾಕಿದ್ರೆ?"

ಅದಕ್ಕೆ ಕಾಗದದಲ್ಲಿ ಏನೂ ಬರೆದಿರಲಿಲ್ಲ. ಹಲೀಮಾಬಿಗೆ ಬಿಸಿಲೇರಿತ್ತು, ಕಾಲು ನೋಯುತ್ತಿತ್ತು. "ಚಾಚಾ, ಹಾಕೋದಾದ್ರೆ ಹಾಕು, ಇಲ್ಲಾಂದ್ರೆ ಬಿಡು. ಕೋರ್ಟ್‌ನಾಗೆ ಕೇಳ್ದಂಗೆ ಕೇಳ್ಬ್ಯಾಡ" ಎಂದರು.

"ಹಾಕ್ತೀನವ್ವಾ. ನೀನು ಮನೆ ಬಾಗ್ಲಿಗೆ ಬಂದು ಕೇಳಿದ ಮ್ಯಾಲೆ ಹಾಕ್ದೆ ಇರ್ತೀನಾ?" ಮುದುಕ ಒಳಗೆ ಹೋಗಿ, ಗೂಡಿನಲ್ಲಿಟ್ಟಿದ್ದ ಬಾಟ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಬಾಯಿಗೆ ಒಗೆದ ಬಿಳಿ ಬಟ್ಟೆ ಕಟ್ಟಿತ್ತು. "ಅದಕ್ಕೂ ಮುಂಚೆ ಇದನ್ನ ತಗಂಡು ಹೋಗಿಬಿಡು. ಕಣ್ಣೆದುರಿಗೆ ಇದ್ರೆ ಕೊಡ್ದೆ ಇರಾಕೆ ಆಗಲ್ಲ ನನ್ ಕೈಲಿ. ಸಹಿ ಹಾಕಿ ಸುಳ್ಳಾಗಬಾರ್ದು."

ಹಲೀಮಾಬಿ ಬಾಟ್ಲಿ ಇಸಿದುಕೊಂಡರು. ಒಳಗೆ ಪೊರೆ ಬೆಳ್ಳಗೆ, ಸುಕ್ಕಿಲ್ಲದೆ ನಿಂತಿತ್ತು. ದಿನ ತಪ್ಪದೆ ನೀರು ಬದಲಾಯಿಸಿದವರ ಮನೆಯ ಪೊರೆ. ಬಟ್ಟೆಯ ಗಂಟು ಸಡಿಲಿಸಿ ಒಮ್ಮೆ ಮೂಸಿದರು. ದಾದಾಪೀರ ಇಂಕಿನ ಪ್ಯಾಡಿಗೆ ಹೆಬ್ಬೆರಳು ಒತ್ತಿಕೊಂಡು ಕಾಗದಕ್ಕಾಗಿ ಕಾಯುತ್ತಿದ್ದ. ಹಲೀಮಾಬಿ ಒಳಗೆ ಹೋಗಿ, ಬಾಟ್ಲಿಯನ್ನು ಅದು ಇದ್ದ ಗೂಡಿನಲ್ಲೇ ಇಟ್ಟು, ಬಟ್ಟೆಯ ಗಂಟು ಸರಿಮಾಡಿ ಹೊರಗೆ ಬಂದರು.

"ಸಾಕ್ರೀ ವಕೀಲಮ್ಮ, ಇವತ್ತಿಗೆ" ಎಂದರು. ಓಣಿಯ ತುದಿಯಲ್ಲಿ ಮತ್ತೆ ಹೇಳಿದರು, "ಇವತ್ತಿಗೆ ಅಲ್ಲ. ಸಾಕು."

ಸರ್ವಮಂಗಳಾ ತಮ್ಮ ಕೆಲಸ ಮಾಡಿದರು. ಅವರನ್ನು ಕಚೇರಿಗೆ ಕರೆದುಕೊಂಡು ಹೋಗಿ, ನೀರು ಕೊಟ್ಟು, ಒಂದೊಂದಾಗಿ ಬಿಡಿಸಿ ಹೇಳಿದರು. ಸಹಿಗಳಿಲ್ಲದಿದ್ದರೆ ಹಕ್ಕು ಸಿಗುವುದಿಲ್ಲ. ಹಕ್ಕು ಇಲ್ಲದಿದ್ದರೆ ಚರ್ಮಿಕಾದವರೂ ಮಾಡಬಹುದು, ಯಾರು ಬೇಕಾದರೂ ಮಾಡಬಹುದು, ತಡೆಯುವ ದಾರಿಯಿಲ್ಲ. ಅವರ ಹತ್ತಿರ ದೊಡ್ಡ ಯಂತ್ರಗಳಿವೆ, ಆಸ್ಪತ್ರೆಗಳು ಅಲ್ಲಿಗೇ ಹೋಗುತ್ತವೆ. ಹಲೀಮಾಬಿಗೆ ಉಳಿಯುವುದು ಪೊಟ್ಟಣದ ಮೇಲಿನ ಹೆಸರೊಂದೇ. ಅದನ್ನು ನೋಂದಾಯಿಸಬಹುದು, ಆ ಹೆಸರಿನಲ್ಲಿ ಬೇರೆಯವರು ಮಾರದಂತೆ ನೋಡಿಕೊಳ್ಳಬಹುದು.

"ಒಂದು ವಾರ ಯೋಚನೆ ಮಾಡಿ ಹಲೀಮಕ್ಕ. ಆಮೇಲೆ ಬದಲಾಯಿಸೋಕೆ ಬರಲ್ಲ."

"ಯೋಚನೆ ಮಾಡಿದ್ರೆ ಟೈಲ್ಸೇ ನೆನಪಾಗ್ತವೆ," ಎಂದರು ಹಲೀಮಾಬಿ. "ನನ್ ಮ್ಯಾಲೆ ಸಿಟ್ಟೈತಾ ನಿಮಗೆ?"

"ನನ್ನ ಮೇಲಿದೆ."

"ನಂಗೂ ನಿಮ್ ಮ್ಯಾಲೆ ಸ್ವಲ್ಪ ಐತೆ," ಎಂದು ಹಲೀಮಾಬಿ ನೀರು ಕುಡಿದರು.

ವಿಚಾರಣೆ ನಡೆದದ್ದು ಹದಿನೈದು ನಿಮಿಷ. ಅದೇ ಕೋಣೆ, ಅದೇ ಪರದೆ. ಸಹಿಗಳು ಬರುವುದಿಲ್ಲವೆಂದು ಕಿಣಿಗೆ ಸರ್ವಮಂಗಳಾ ಹಿಂದಿನ ದಿನವೇ ತಿಳಿಸಿದ್ದರು. ಹಲೀಮಾಬಿಯ ಹಕ್ಕು ಉಳಿದರೆ ಆಮೇಲಾದರೂ ಪಾಲಿನ ಮಾತಾಡಬಹುದೆಂದು ಅವಳು ಕೊನೆಯ ಪ್ರಯತ್ನವೆಂಬಂತೆ ಒಂದು ವಾದ ಇಟ್ಟಳು: ಆ ಕೆಂಪು ಗೆರೆಗಳಲ್ಲಿ ಹೆಚ್ಚಿನವು ಕದ್ದೋ ಬಿದ್ದೋ ಹೋದವು ಇರಬಹುದು, ಕೊಟ್ಟದ್ದೆಂದು ಯಂತ್ರ ಹೇಳಲಾರದು. ಅದು ಸರಿಯಾದ ಮಾತೇ. ಯಂತ್ರಕ್ಕೆ ದಿನ ಗೊತ್ತು, ಕೈ ಗೊತ್ತಿಲ್ಲ. ಗಾಂವ್ಕರ್ ಹಲೀಮಾಬಿಗೆ ಪ್ರಮಾಣ ಮಾಡಿಸಿ, ಈ ಗೆರೆಗಳು ನೀವು ಕೊಟ್ಟವೇ ಎಂದು ಕೇಳಿದ. ಒಂದೊಂದೇ ತಾರೀಖು ಓದಿದ.

ಹಲೀಮಾಬಿಗೆ ಎಷ್ಟೋ ಜನರ ಹೆಸರು ಬರಲಿಲ್ಲ. ಗಾಯ ನೆನಪಿತ್ತು.

"ಜೂನ್ ಅಂದ್ರೆ ಎಡಗೈ, ಎರಡು ಬೆರಳು, ಉಗುರು ಹೋಗಿತ್ತು. ಅದು ಕೊಟ್ಟೆ. ಆಗಸ್ಟು... ಕುಕ್ಕರ್ ಸಿಡಿದಿತ್ತು, ಕುತ್ತಿಗೆ. ಮದುವಿ ಹುಡುಗಿ. ಹದಿನಾಲ್ಕನೇ ತಾರೀಖು ಪಾದ. ಬಿಸಿ ಮರಳು ತುಳಿದಿದ್ದ. ಕಲೆ ಉಳೀತು, ನಡಿತಾನೆ ಈಗ..."

ಇಪ್ಪತ್ತನೆಯದರ ಹೊತ್ತಿಗೆ ಕಿಣಿ ಬರೆದುಕೊಳ್ಳುವುದನ್ನು ನಿಲ್ಲಿಸಿದಳು. ಗಾಂವ್ಕರ್ ನಿಲ್ಲಿಸಲಿಲ್ಲ. ಅರವತ್ತೊಂದನ್ನೂ ಓದಿದ, ಅರವತ್ತೊಂದಕ್ಕೂ ಅವರು ಹೌದೆಂದರು. ಎರಡು ಅರ್ಜಿಗಳೂ ತಿರಸ್ಕೃತವಾದವು. ಪೊರೆಯೂ ಅದರ ಹೆಪ್ಪೂ ಈಗಾಗಲೇ ಸಾರ್ವಜನಿಕರ ಬಳಕೆಯಲ್ಲಿರುವುದರಿಂದ ಯಾರ ಸ್ವತ್ತೂ ಅಲ್ಲವೆಂದು ಆದೇಶದಲ್ಲಿತ್ತು. ಸರ್ವಮಂಗಳಾ ಅದರ ನಕಲು ಮಾಡಿಸಿ ಓಣಿಯ ಅರವತ್ತು ಮನೆಗೂ ಕಳಿಸಿದರು. ಸಹಿಯಾಗಿದ್ದ ಮೂವತ್ತೆಂಟು ಕಾಗದಗಳನ್ನು ಆಯಾ ಮನೆಗೇ ವಾಪಸು ಕೊಟ್ಟರು.

ಬಿಳಿ ಟೈಲ್ಸಿನ ಕೋಣೆ ಆಗಲಿಲ್ಲ. ದೊಡ್ಡ ಆಸ್ಪತ್ರೆಗಳು ಚರ್ಮಿಕಾದವರಿಂದ ಕೊಂಡವು. ಹಲೀಮಾಬಿಯ ಆರು ಹೆಂಗಸರಲ್ಲಿ ಒಬ್ಬಳು ಬೇರೆ ಕೆಲಸಕ್ಕೆ ಹೋದಳು, ಐವರು ಉಳಿದರು. ಜಿಲ್ಲೆಯ ಸಣ್ಣಪುಟ್ಟ ದವಾಖಾನೆಗಳು ಅವರ ಪೊರೆಯನ್ನೇ ಕೇಳುತ್ತಿದ್ದವು. ಹೆಸರಿನ ನೋಂದಣಿಗೆಂದು ಹಲೀಮಾಬಿ ಮತ್ತೆ ಸರ್ವಮಂಗಳಾರ ಕಚೇರಿಗೆ ಬಂದಾಗ ನಾಲ್ಕು ತಿಂಗಳಾಗಿತ್ತು. ಕೆಲಸ ಮುಗಿಸಿ ಇಬ್ಬರೂ ಬಸ್ಸಿನವರೆಗೆ ನಡೆದರು. ದಾರಿಯಲ್ಲಿ ಉಮಾಪತಿಯ ಔಷಧಿ ಅಂಗಡಿ. ಅವನು ಎರಡೂ ಪೊರೆ ಮಾರುತ್ತಿದ್ದ.

"ನಿಮ್ಮ ಎದುರಾಳಿದು ಬಂದೈತೆ ನೋಡ್ರಿ ಹಲೀಮಕ್ಕ," ಎಂದು ತಮಾಷೆಗೆ ಒಂದು ಪೆಟ್ಟಿಗೆ ಮುಂದಿಟ್ಟ. ಹೊಳೆಯುವ ಕಾಗದ, ಒಳಗೆ ಇಸ್ತ್ರಿ ಮಾಡಿದಂಥ ಪೊರೆ.

ಹಲೀಮಾಬಿ ಅದನ್ನು ಬೆಳಕಿಗೆ ಹಿಡಿದರು. ಎರಡು ಬೆರಳ ನಡುವೆ ತೀಡಿದರು. ಮೂಸಿದರು.

"ಅವಸರ ಮಾಡ್ಯಾರೆ," ಎಂದರು.

ಸರ್ವಮಂಗಳಾ ಥಟ್ಟನೆ ಅವರ ಮುಖ ನೋಡಿದರು. ಏನೋ ಒಂದು ಕಂಪನಿಗೆ ಗೊತ್ತಿಲ್ಲ. ಅದು ಯಾವ ಅರ್ಜಿಯಲ್ಲೂ ಇಲ್ಲ, ಯಾವ ಕವಲಿನಲ್ಲೂ ಇಲ್ಲ, ಯಂತ್ರಕ್ಕೆ ಅದು ಕಾಣುವುದೂ ಇಲ್ಲ. ಇವರ ಬೆರಳ ತುದಿಯಲ್ಲಿದೆ. ಹೇಳದೆ ಇಟ್ಟುಕೊಂಡರೆ ಎಷ್ಟು ವರ್ಷ ಬೇಕಾದರೂ ಇವರದೇ. ಯಾವ ಕಚೇರಿಯ ಮುದ್ರೆಯೂ ಬೇಡ. ವಕೀಲೆಯ ಕೈ ಹಲೀಮಾಬಿಯ ಮೊಳಕೈಯನ್ನು ಹಿಡಿಯಿತು. ಅಷ್ಟರಲ್ಲಿ ಹಲೀಮಾಬಿ ಗಲ್ಲಾದ ಕಡೆಗೆ ಬಾಗಿ ಮಾತಾಡುತ್ತಿದ್ದರು.

"ಉಮಾಪತಿ, ಅವರ ಏಜೆಂಟು ಬರ್ತಾನಲ್ಲ, ಅವನಿಗೆ ಹೇಳು. ತೊಟ್ಟಿಯಿಂದ ತೆಗೆದ ಮ್ಯಾಲೆ ಒಂದು ದಿನ ತಣ್ಣೀರಾಗೆ ಬಿಡ್ಬೇಕು, ಮೂರು ಸಲ ನೀರು ಬದಲಾಯಿಸ್ಬೇಕು. ಇಲ್ದಿದ್ರೆ ಬಿಚ್ಚುವಾಗ ಎಳೀತೈತೆ. ಮಕ್ಕಳಿಗೆ ತಡಿಯಾಕಾಗಲ್ಲ."

"ನಂಗೆ ನೆನಪುಳಿಯಲ್ಲಕ್ಕ, ಬರ್ಕಂತೀನಿ ತಡೀರಿ," ಎಂದು ಉಮಾಪತಿ ಗಲ್ಲಾದ ಮೇಲೆ, ಕೆಳಗೆ, ಕಿವಿಯ ಹಿಂದೆ ಪೆನ್ನು ಹುಡುಕಿದ. ಸಿಗಲಿಲ್ಲ.

ಸರ್ವಮಂಗಳಾ ಹಲೀಮಾಬಿಯ ಮೊಳಕೈ ಬಿಟ್ಟು, ಚೀಲದಿಂದ ತಮ್ಮ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ ಅವನ ಕೈಗೆ ಕೊಟ್ಟರು.